ಅಪ್‌ಡೇಟ್: ಓಕ್ ಮರದಡಿಯ ಅಣಬೆ ಯಾವುದೆಂದು ತಿಳಿಯಿತು

ಜರ್ಮನಿಯ ಓಕ್ ಕಾಡಿನಲ್ಲಿ ಅಕ್ಟೋಬರ್ ಮೊದಲ ವಾರ ಸಿಕ್ಕ, ಬುಡದಲ್ಲಿ ಬಿಳಿ ಚೀಲವಿದ್ದ ಅಣಬೆಯು ನಮ್ಮ ಕಡೆ ಭತ್ತದ ಹುಲ್ಲಿನ ಮೇಲೆ ಬೆಳೆಸುವ ಅಣಬೆಯೇ ಇರಬಹುದೇ ಎಂದು ಕೇಳಿದ್ದೆ. ಅಲ್ಲ, ಅದು ಡೆತ್ ಕ್ಯಾಪ್ ಎಂಬ ಮಾರಣಾಂತಿಕ ವಿಷದ ಅಣಬೆ, ಅಂದರೆ ಅಮಾನಿಟಾ ಫಲ್ಲಾಯ್ಡಿಸ್.

ನಿಮ್ಮಲ್ಲಿ ಕೆಲವರು ಸೂಚಿಸಿದಂತೆ ಅಣಬೆಯ ಕೊಡೆಯನ್ನು ಕತ್ತರಿಸಿ, ಪದರಗಳಿರುವ ಭಾಗ ಕೆಳಮುಖವಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಪ್ಪು ಭಾಗದಲ್ಲಿ ಉದುರಿದ ಬೀಜಕಣಗಳ ಬಿಳಿಯ ಗುರುತು ಸ್ಪಷ್ಟವಾಗಿತ್ತು. ಹುಲ್ಲಿನ ಅಣಬೆಯಾಗಿದ್ದರೆ ಬೀಜಕಣಗಳು ಗುಲಾಬಿ ಛಾಯೆಯ ಕಂದು ಬಣ್ಣದಲ್ಲಿ ಉದುರಬೇಕಿತ್ತು. ಅದರ ಕಾಂಡದಲ್ಲಿ ಉಂಗುರವೂ ಇರುವುದಿಲ್ಲ. ನನಗೆ ಸಿಕ್ಕಿದ್ದರಲ್ಲಿ ತೆಳುಪೊರೆಯ ಉಂಗುರವಿತ್ತು, ಆದರೆ ಮೊದಲ ಫೋಟೋದಲ್ಲಿ ಅದು ನನ್ನ ಹೆಬ್ಬೆರಳಿನ ಹಿಂದೆ ಮರೆಯಾಗಿತ್ತು. ಇಲ್ಲಿನ ಅಣಬೆ ಸಲಹೆಗಾರರು ಚೀಲವನ್ನೂ ಹಸಿರು ಛಾಯೆಯ ಕೊಡೆಯನ್ನೂ ನೋಡಿ ಅದೇ ಹೆಸರು ಹೇಳಿದರು.

ಇದರಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದೇ ಸಾಮಾನ್ಯವಾಗಿ ತಿಂದ 6ರಿಂದ 24 ಗಂಟೆಗಳ ನಂತರ. ಆಮೇಲೆ ಗುಣವಾದಂತೆ ತೋರಿದರೂ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬೆಳ್ಳಿ ಚಮಚ ಹಾಕಿ ಕುದಿಸಿ ನೋಡಿ ಎಂಬ ಸಲಹೆಯನ್ನು ನಾನು ಪಾಲಿಸಲಿಲ್ಲ, ಏಕೆಂದರೆ ಆ ಪರೀಕ್ಷೆಯಿಂದ ಈ ವಿಷ ಪತ್ತೆಯಾಗುವುದಿಲ್ಲ. ಅಣಬೆಯನ್ನು ಕಸಕ್ಕೆ ಹಾಕಿದ್ದೇನೆ.