ಪದ ಬೇಕು (ತುರ್ತು): ‘ಕಾಗ್ನಿಟಿವ್ ಕಂಟ್ರೋಲ್’ಗೆ ಏನನ್ನೋಣ?

ದಾವಣಗೆರೆಯಿಂದ:
ಮಿದುಳಿನ ಎಫ್‌ಎಂಆರ್‌ಐ (ಕೆಲಸ ಮಾಡುತ್ತಿರುವ ಮಿದುಳಿನ ಸ್ಕ್ಯಾನ್) ಅಧ್ಯಯನವೊಂದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಕೊಡಬೇಕು. ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ ತೋರಿಸುತ್ತಾರೆ. ಪದ ಬಿಟ್ಟು ಬಣ್ಣಕ್ಕೆ ತಕ್ಕ ಗುಂಡಿ ಒತ್ತಬೇಕು. 1935ರ ಸ್ಟ್ರೂಪ್ ಪ್ರಯೋಗವೇ ಇದು. ಓದುವ ಚಾಳಿಯನ್ನು ತಡೆದು ಹೇಳಿದ್ದನ್ನೇ ಮಾಡುವ ಆ ಶಕ್ತಿಗೆ ಪದ ಬೇಕು, ‘ಟಾಸ್ಕ್’ಗೂ ಬೇಕು. ಸದ್ಯಕ್ಕೆ ‘ಗಮನ ಮತ್ತು ಸಂಜ್ಞಾನಾತ್ಮಕ ನಿಯಂತ್ರಣ ಪರೀಕ್ಷೆ’ ಎಂದಿದೆ. ಓದಿದರೆ ನನಗೇ ನಿದ್ದೆ ಬರುತ್ತದೆ.

ಚಿತ್ರದುರ್ಗದಿಂದ:
‘ಗಮನ’ವೇ ಸರಿಯಿಲ್ಲ. ಮೂಲದಲ್ಲಿ ಅದು ‘ಹೋಗುವುದು’. ಆಗಮನ, ನಿರ್ಗಮನ ನೋಡಿ. ‘ಅವಧಾನ’ ಅನ್ನಿ. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಿ ಎಷ್ಟೇ ಕಾಡಿದರೂ ಅವಧಾನಿ ಪದ್ಯದ ಎಳೆ ಬಿಡುವುದಿಲ್ಲ. ನಿಮ್ಮ ಸ್ಕ್ಯಾನರ್‌ನಲ್ಲಿ ನಡೆಯುವುದೂ ಅದೇ ಅಲ್ವಾ?

ಹರಿಹರದಿಂದ:
ಮೇಷ್ಟ್ರು ‘ಗಮನ ಕೊಡಿ’ ಎಂದರೆ ಯಾರೂ ಎದ್ದು ಹೋಗುವುದಿಲ್ಲ ಸರ್. ಸುಮ್ನೆ ಬಿಡಿ. ಮೇಡಂ, ತೆಗೆಯಬೇಕಾದದ್ದು ‘ಪರೀಕ್ಷೆ’. ಸ್ಕ್ಯಾನಿಂಗ್ ಅಂದಮೇಲೆ ಜನ ‘ರಿಪೋರ್ಟ್ ಯಾವಾಗ ಕೊಡ್ತೀರಿ’ ಎಂದೇ ಕೇಳುತ್ತಾರೆ. ಇಲ್ಲಿ ರೋಗ ಹುಡುಕುತ್ತಿಲ್ಲ. ಪದ, ಬಣ್ಣ ಹೊಂದಿದಾಗ ಮತ್ತು ಹೊಂದದಾಗ ಮಿದುಳಿನ ರಕ್ತದಲ್ಲಿ ಆಮ್ಲಜನಕದ ಮಟ್ಟ ಎಲ್ಲೆಲ್ಲಿ ಬೇರೆಯಾಯಿತು ಎಂದು ಹೋಲಿಸುತ್ತಾರೆ, ಅಷ್ಟೇ. ಟಾಸ್ಕ್‌ಗೆ ‘ಚಟುವಟಿಕೆ’ ಸಾಕು. ಇನ್ನೊಂದಕ್ಕೆ ‘ಮನಸ್ಸಿನ ಲಗಾಮು’.

ಚಿತ್ರದುರ್ಗದಿಂದ:
ಲಗಾಮು ಪಾರ್ಸಿ. ಸಂಸ್ಕೃತ ಬೇಡ, ಪಾರ್ಸಿ ಬೇಕು. ಭೇಷ್.

ಹರಿಹರದಿಂದ:
‘ಭೇಷ್’ ಎಲ್ಲಿಂದ ಬಂತು, ಅದನ್ನೂ ಹೇಳಿಬಿಡಿ. ದಾವಣಗೆರೆಯ ಕಾಟನ್ ಮಿಲ್ಲುಗಳಲ್ಲಿ ಮಿಲ್ಲು, ಶಿಫ್ಟು ಎಂದೇ ದುಡಿದರು. ಕನ್ನಡ ಕೆಡಲಿಲ್ಲ.

ಚಿತ್ರದುರ್ಗದಿಂದ:
‘ಪಾಳಿ’ ಇತ್ತು. ನಿಮಗೆ ನೆನಪಾಗಲಿಲ್ಲ.

ದಾವಣಗೆರೆಯಿಂದ:
ಇಬ್ಬರಿಗೂ ಥ್ಯಾಂಕ್ಸ್. ‘ಗಮನ ಮತ್ತು ಮನಸ್ಸಿನ ಹಿಡಿತ: ಸ್ಕ್ಯಾನಿಂಗ್ ವೇಳೆಯ ಚಟುವಟಿಕೆ’ ಎಂದು ಹಾಕಿದೆ. ‘ಇದು ರೋಗ ಪತ್ತೆಗೆ ಅಲ್ಲ’ ಎಂಬ ಸಾಲನ್ನೂ ದಪ್ಪಕ್ಷರದಲ್ಲಿ ಸೇರಿಸಿದೆ. ಲಗಾಮು ಬಿಟ್ಟಿದ್ದು ಪಾರ್ಸಿ ಅಂತಲ್ಲ, ಕುದುರೆ ಕಣ್ಣಮುಂದೆ ಬರುತ್ತೆ ಅಂತ. ಇನ್ನು ಬಾಗಿಲಿನ ಬೋರ್ಡು. ‘ಲೋಹದ ವಸ್ತು ಒಳಗೆ ತರಬೇಡಿ’ ಸಾಕಾ, ಇಲ್ಲ ತಾಳಿ, ಕಾಲುಂಗುರ, ಉಡಿದಾರ ಅಂತ ಬಿಡಿಸಿ ಬರೆಯಬೇಕಾ?

ಹರಿಹರದಿಂದ:
ಬಿಡಿಸಿಯೇ ಬರೆಯಿರಿ. ಕಾಲುಂಗುರವನ್ನು ಯಾರೂ ‘ಲೋಹದ ವಸ್ತು’ ಅಂದುಕೊಳ್ಳುವುದಿಲ್ಲ.

ಚಿತ್ರದುರ್ಗದಿಂದ:
‘ಬೋರ್ಡು’ ಅಲ್ಲ, ಫಲಕ.