ಬಿಎಸ್ಸಿ ಆದಮೇಲೆ ತತ್ವಶಾಸ್ತ್ರ ಎಂಎ: ಯಾವ ಕವಲು ಹಿಡಿಯಲಿ?

ಪ್ರಶ್ನೆ (ಬಿಎಸ್ಸಿ ಕೊನೇ ವರ್ಷದ ವಿದ್ಯಾರ್ಥಿನಿ, ಹಾಸನ): ನಮಸ್ಕಾರ ಸರ್. ನನ್ನದು ಪಿಸಿಎಂ. ಎಂಎಗೆ ತತ್ವಶಾಸ್ತ್ರ ತಗೋಬೇಕು ಅಂತಿದೀನಿ. ಮನೇಲಿ "ಮಠ ಸೇರ್ತೀಯೇನೇ?" ಅಂತ ನಗ್ತಾರೆ. ಸಿಲಬಸ್ ನೋಡಿದ್ರೆ ಲಾಜಿಕ್, ಎಥಿಕ್ಸ್, ಎಪಿಸ್ಟಮಾಲಜಿ, ಮೆಟಾಫಿಸಿಕ್ಸ್, ಭಾರತೀಯ ದರ್ಶನ ಅಂತ ಹತ್ತಾರು ಕವಲಿದೆ. ಯಾವುದು ಅಂತ ಸೇರೋ ಮೊದಲೇ ತೀರ್ಮಾನ ಮಾಡ್ಕೋಬೇಕಾ?

ಉತ್ತರ (ನಿವೃತ್ತ ತತ್ವಶಾಸ್ತ್ರ ಅಧ್ಯಾಪಕರು, ಮೈಸೂರು): ಬೇಡಮ್ಮ. ಭೌತಶಾಸ್ತ್ರದಲ್ಲಿ ಎಲೆಕ್ಟ್ರಾನ್ ಓದಿದ್ದೀಯಲ್ಲ, ಅದನ್ನೇ ತಗೋ. ಅದನ್ನು ಕಣ್ಣಾರೆ ಕಂಡವರಿಲ್ಲ. ಅದು ನಿಜವಾಗಿ ಇದೆಯೋ, ಲೆಕ್ಕ ಸರಿಹೋಗಲೆಂದು ನಾವು ಇಟ್ಟುಕೊಂಡ ಕಲ್ಪನೆಯೋ ಎಂದು ಕೇಳಿದರೆ ಅದು ಮೆಟಾಫಿಸಿಕ್ಸ್. ಇದೆ ಎಂದು ನಂಬಲು ಏನು ಆಧಾರ ಎಂದರೆ ಎಪಿಸ್ಟಮಾಲಜಿ, ನಮ್ಮ ಕನ್ನಡ ಪಠ್ಯಗಳ ಜ್ಞಾನಮೀಮಾಂಸೆ. ಪ್ರಯೋಗದಿಂದ ಸಿದ್ಧಾಂತಕ್ಕೆ ಹೋಗುವ ದಾರಿ ಸರಿಯೇ ಎನ್ನುವುದು ವಿಜ್ಞಾನದ ತತ್ವಶಾಸ್ತ್ರ. ಪ್ರಶ್ನೆ ಒಂದೇ, ನೀನು ಎಲ್ಲಿ ಒತ್ತುತ್ತೀಯೋ ಅಲ್ಲಿ ಒಂದು ಕವಲಿನ ಹೆಸರು. ಹೆಸರುಗಳು ಪರೀಕ್ಷಾ ವಿಭಾಗದ ಅನುಕೂಲಕ್ಕೆ ಇವೆ ಎಂದುಕೊಂಡರೂ ತಪ್ಪಿಲ್ಲ.

ಮೊದಲು ಗಟ್ಟಿಮಾಡಿಕೊಳ್ಳಬೇಕಾದದ್ದು ತರ್ಕ. "ಓದಿದವರೆಲ್ಲ ಪಾಸಾಗುತ್ತಾರೆ, ಇವನು ಪಾಸಾಗಿದ್ದಾನೆ, ಹಾಗಾದರೆ ಇವನು ಓದಿದ್ದಾನೆ." ಕೇಳಲು ಸರಿ ಎನಿಸುತ್ತದೆ. ನಕಲು ಹೊಡೆದೂ ಪಾಸಾಗಿರಬಹುದು ಎಂದು ಹೊಳೆದ ಕೂಡಲೇ ವಾದ ಬಿದ್ದುಹೋಗುತ್ತದೆ. ಟಿವಿ ಚರ್ಚೆಗಳ ಅರ್ಧ ವಾದಗಳು ಇದೇ ಜಾತಿಯವು. ತರ್ಕ ಬಿಟ್ಟು ನೇರ ಶಂಕರರಿಗೋ ಜರ್ಮನ್ ತತ್ವಜ್ಞಾನಿ ಕಾಂಟ್‌ಗೋ ಕೈಹಾಕಿದವರು ಅವರ ತೀರ್ಮಾನಗಳನ್ನು ಬಾಯಿಪಾಠ ಮಾಡುತ್ತಾರೆ, ಅಲ್ಲಿಗೆ ಹೇಗೆ ಬಂದರು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಗಣಿತ ಓದಿದ ನಿನಗೆ ಸಾಂಕೇತಿಕ ತರ್ಕ, ಅಂದರೆ ವಾದಗಳನ್ನು ಚಿಹ್ನೆಗಳಲ್ಲಿ ಬರೆದು ಪರೀಕ್ಷಿಸುವುದು, ಕಷ್ಟವಾಗಲಿಕ್ಕಿಲ್ಲ.

ಮಠದ ಮಾತಿಗೆ: ಮನೆಯವರಿಗೆ ಚಾರ್ವಾಕರ ಬಗ್ಗೆ ಹೇಳು. ದೇವರಿಲ್ಲ, ಪರಲೋಕವಿಲ್ಲ ಎಂದವರೂ ನಮ್ಮ ಸಿಲಬಸ್ಸಿನಲ್ಲೇ ಇದ್ದಾರೆ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ಭಾರತೀಯ ದರ್ಶನ ಬೇರೆ, ಪಾಶ್ಚಾತ್ಯ ಬೇರೆ ಪೇಪರ್ ಇದೆ ಸರ್. ಎರಡೂ ಬೇರೆ ಬೇರೆ ಲೋಕಾನಾ?

ಉತ್ತರ: ಪೇಪರ್ ಬೇರೆ, ಜಗಳ ಒಂದೇ. ಜ್ಞಾನ ಅಂದರೆ ಏನು ಎನ್ನುವುದನ್ನೇ ನೋಡು. ನಂಬಿಕೆ ಇರಬೇಕು, ಅದು ನಿಜವಾಗಿರಬೇಕು, ತಕ್ಕ ಕಾರಣವೂ ಇರಬೇಕು. ಮೂರೂ ಸೇರಿದರೆ ಜ್ಞಾನ ಎಂದು ಪಾಶ್ಚಾತ್ಯ ತರಗತಿಯಲ್ಲಿ ಶುರುಮಾಡುತ್ತೇವೆ. 1963ರಲ್ಲಿ ಎಡ್ಮಂಡ್ ಗೆಟಿಯರ್ ಎಂಬ ಅಮೆರಿಕದ ಅಧ್ಯಾಪಕರು ಮೂರೇ ಪುಟದ ಲೇಖನ ಬರೆದು, ಮೂರೂ ಇದ್ದರೂ ಜ್ಞಾನ ಅಲ್ಲದಿರಬಹುದು ಎಂದು ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಆ ಚರ್ಚೆ ನಿಂತಿಲ್ಲ.

ಈಗ ಎಂಟನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನ ಉದಾಹರಣೆ. ಮಾಂಸ ಸುಡಲು ಈಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ಮಾಂಸದ ವಾಸನೆಗೆ ಹುಳುಗಳು ಮುತ್ತಿ ಮೋಡದ ಹಾಗೆ ಕಾಣುತ್ತಿವೆ. ದೂರದಲ್ಲಿರುವವನು ಅದನ್ನು ಹೊಗೆ ಎಂದುಕೊಂಡು "ಅಲ್ಲಿ ಬೆಂಕಿ ಇದೆ" ಎನ್ನುತ್ತಾನೆ. ಬೆಂಕಿ ಇರುವುದು ನಿಜ, ಅವನ ನಂಬಿಕೆಯೂ ನಿಜ. ಆದರೆ ಅವನಿಗೆ ಬೆಂಕಿಯ ಅರಿವಾಯಿತು ಎನ್ನಬಹುದೇ? ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಇಬ್ಬರೂ ಮುಟ್ಟಿದ್ದು ಒಂದೇ ತೊಡಕನ್ನು. ಇಬ್ಬರ ಉದ್ದೇಶ ಒಂದೇ ಎಂದು ಮಾತ್ರ ಪರೀಕ್ಷೆಯಲ್ಲಿ ಬರೆಯಬೇಡ. ಧರ್ಮೋತ್ತರನಿಗೆ ಬೇಕಿದ್ದದ್ದು ಪ್ರಮಾಣದ ವಿಚಾರ, ಅಂದರೆ ಯಾವ ದಾರಿಯಿಂದ ಬಂದ ಅರಿವನ್ನು ಒಪ್ಪಬೇಕು ಎನ್ನುವುದು. ಅದರಲ್ಲಿ ನಮ್ಮವರಲ್ಲೇ ಒಮ್ಮತವಿಲ್ಲ: ಚಾರ್ವಾಕರಿಗೆ ಪ್ರತ್ಯಕ್ಷ (ಇಂದ್ರಿಯಗಳಿಂದ ನೇರ ಕಂಡದ್ದು) ಒಂದೇ, ಬೌದ್ಧರಿಗೆ ಅನುಮಾನವೂ (ಇಲ್ಲಿ ಸಂಶಯವಲ್ಲ, ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವಂಥದ್ದು) ಸೇರಿ 2, ನ್ಯಾಯ ದರ್ಶನದವರಿಗೆ 4, ಅದ್ವೈತಿಗಳಿಗೆ 6. ಉಡುಪಿ, ಶೃಂಗೇರಿ, ಮೇಲುಕೋಟೆ, ಶ್ರವಣಬೆಳಗೊಳ ಎಲ್ಲ ಇರುವ ನಾಡಿನಲ್ಲಿ ನಮಗೆ ದರ್ಶನಗಳ ಹೆಸರು ಗೊತ್ತು. ಅವು ಒಂದರೊಡನೊಂದು ಹೇಗೆ ಕಚ್ಚಾಡಿದವು ಎನ್ನುವುದು ತರಗತಿಗೆ ಬಂದರೇ ಗೊತ್ತಾಗುವುದು.

ಪ್ರಶ್ನೆ (ಒಬ್ಬ ಪೋಷಕರು, ತುಮಕೂರು): ಮೇಷ್ಟ್ರೇ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದನ್ನ ಓದಿದ್ರೆ ಕೆಲಸ ಸಿಗುತ್ತಾ?

ಉತ್ತರ: ಬೇಜಾರೇನಿಲ್ಲ ಸರ್. ಲೆಕ್ಚರರ್ ಹುದ್ದೆ ಕಡಿಮೆ, ಪದವಿ ಕಾಲೇಜುಗಳಲ್ಲಿ ಈ ವಿಷಯ ಇರುವುದೇ ಬೆರಳೆಣಿಕೆಯ ಕಡೆ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾದವರು ನನ್ನ ಶಿಷ್ಯರಲ್ಲೇ ಇದ್ದಾರೆ. ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಜೊತೆಗೆ ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಆದರೆ ಪಿಎಚ್‌ಡಿ ಮಾಡುವಾಗ ಹೊಟ್ಟೆಪಾಡಿಗೆ ಚಿಂತೆ ಇಲ್ಲ. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಇದೆ. ಐಐಟಿ ಬಾಂಬೆ, ಕಾನ್ಪುರದಂಥ ಕಡೆಯೂ ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬಹುದು. 2021ರಿಂದ ಗೇಟ್ ಪರೀಕ್ಷೆಯ ಮಾನವಿಕ ವಿಭಾಗದಲ್ಲೂ ತತ್ವಶಾಸ್ತ್ರ ಸೇರಿದೆ.

ಯುಪಿಎಸ್‌ಸಿ ಮೇನ್ಸ್‌ನಲ್ಲಿ ಇದು ಆಪ್ಷನಲ್, 250ರಂತೆ ಎರಡು ಪೇಪರ್. ಎಲ್ಲರೂ ಬರೆಯಲೇಬೇಕಾದ ಎಥಿಕ್ಸ್ ಪೇಪರ್ ಬೇರೆ ಇದೆ. ಸಿಲಬಸ್ ಚಿಕ್ಕದು ಎಂದು ಕೋಚಿಂಗ್‌ನವರು ಹೇಳುವುದು ಕೇಳಿ ಸೇರುವವರಿದ್ದಾರೆ. ಪುಟ ಕಡಿಮೆ ಎನ್ನುವುದು ನಿಜ, ಒಂದೊಂದು ಪುಟಕ್ಕೆ ಹಿಡಿಯುವ ಹೊತ್ತು ಕಡಿಮೆ ಅಲ್ಲ. ಎಂಎ ಮಾಡಲಿ, ಜೊತೆಗೆ ಬಿಎಡ್ಡೋ ಇನ್ನೊಂದೋ ಕೈಯಲ್ಲಿರಲಿ ಎನ್ನುವುದು ನನ್ನ ಸಲಹೆ.

ಪ್ರಶ್ನೆ (ಬಿಎ ವಿದ್ಯಾರ್ಥಿ, ಧಾರವಾಡ): ಸರ್, ನಾವು ಕನ್ನಡ ಮಾಧ್ಯಮದಾಗ ಓದಿದವ್ರು. ನಮಗ ಆಗತೈತಿ ಏನ್ರಿ?

ಉತ್ತರ: ಆಗತ್ತಪ್ಪ. ಯುಪಿಎಸ್‌ಸಿ ಮೇನ್ಸ್‌ನ ಉತ್ತರ ಕನ್ನಡದಲ್ಲೇ ಬರೆಯಬಹುದು. ನೆಟ್ ಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ, ಅದು ಕನ್ನಡದವರಿಗೆ ನಿಜವಾದ ಅಡ್ಡಿ. ಆದ್ದರಿಂದ ಮೊದಲ ವರ್ಷದಿಂದಲೇ ದಿನಕ್ಕೆ ಎರಡು ಪುಟ ಇಂಗ್ಲಿಷ್ ಮೂಲ ಓದು, ವಾದವನ್ನು ನಿನ್ನ ಕನ್ನಡದಲ್ಲಿ ಬರೆದಿಡು. ಎಂ. ಹಿರಿಯಣ್ಣನವರಿಂದ ಶುರುಮಾಡು. ಮೈಸೂರು ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಉಪನ್ಯಾಸಗಳೇ 1932ರಲ್ಲಿ ಭಾರತೀಯ ತತ್ವಶಾಸ್ತ್ರದ ಇಂಗ್ಲಿಷ್ ಪುಸ್ತಕವಾದವು. ಒಂದು ಪದ ಹೆಚ್ಚಿಲ್ಲದ ಬರವಣಿಗೆ. ರಾಧಾಕೃಷ್ಣನ್ ಕೂಡ 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡಿದವರೇ. ಆದರೂ ಹೊಸಬರ ಕೈಗೆ ನಾನು ಕೊಡುವುದು ಹಿರಿಯಣ್ಣನವರನ್ನು.

ಮರುಪ್ರಶ್ನೆ (ಹಾಸನದ ವಿದ್ಯಾರ್ಥಿನಿ): ಕೊನೇದಾಗಿ ಸರ್, ಮಾನಸಗಂಗೋತ್ರಿನಾ, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿನಾ?

ಉತ್ತರ: ಹೈದರಾಬಾದ್‌ಗೆ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು, ಅರ್ಜಿಯ ಕೊನೇ ದಿನಾಂಕ ತಪ್ಪಿಸಿಕೊಳ್ಳಬೇಡ. ಎರಡೂ ಕಡೆ ಅಧಿಸೂಚನೆಯಲ್ಲಿ ಬಿಎಸ್ಸಿಯವರಿಗೆ ಅರ್ಹತೆ ಏನಿದೆ ಓದು. ಆಮೇಲೆ ವಿಭಾಗದ ಅಧ್ಯಾಪಕರ ಪಟ್ಟಿ ತೆಗೆದು, ಯಾರು ಯಾವುದರ ಮೇಲೆ ಬರೆದಿದ್ದಾರೆ ನೋಡು. ಸಿಲಬಸ್ಸಿನಲ್ಲಿ ಐಚ್ಛಿಕ ಪತ್ರಿಕೆ ಹತ್ತು ಅಚ್ಚಾಗಿರುತ್ತವೆ, ಪಾಠ ಮಾಡುವವರಿದ್ದರೆ ತಾನೇ ನಡೆಯುವುದು? ವಿಜ್ಞಾನದ ತತ್ವಶಾಸ್ತ್ರ ಹೋದ ವರ್ಷ ನಡೆದಿತ್ತಾ ಅಂತ ಈಗ ಓದುತ್ತಿರುವವರನ್ನೇ ಕೇಳು. ಮೈಸೂರಿಗೆ ಬಂದರೆ ಮುಂಚೆ ಒಂದು ಮೆಸೇಜ್ ಹಾಕು, ತರಗತಿಯಲ್ಲಿ ಒಂದು ಗಂಟೆ ಕೂರಲು ಅವಕಾಶ ಇದೆಯಾ ಅಂತ ವಿಭಾಗದಲ್ಲಿ ವಿಚಾರಿಸಿಡುತ್ತೇನೆ.