ಟೇಕಡಿ ಮೇಲೆ ಬೈಕ್, ಜೀಪ್ ಹಾವಳಿ: ಅರ್ಜಿ ಯಾರಿಗೆ ಕೊಡೋಣ?

ಬಿ-304:
ಸೊಸೈಟಿಯ ಕನ್ನಡದವರೆಲ್ಲರಿಗೂ ನಮಸ್ಕಾರ. ಈ ಭಾನುವಾರವೂ ಅದೇ ಕಥೆ. ಬೆಳಗಾಗುತ್ತಿದ್ದಂತೆ ನಮ್ಮ ಪುಣೆಯ ಪಾಷಾಣ ಕಡೆಯ ಟೇಕಡಿ (ಗುಡ್ಡ) ಮೇಲೆ ಡರ್ಟ್ ಬೈಕುಗಳು, ಹಿಂದೆ ಎರಡು ಜೀಪು. ಸದ್ದು ಹೋಗಲಿ ಬಿಡಿ. ನೀರು ಇಂಗಲಿ ಅಂತ ಇಳಿಜಾರಿಗೆ ಅಡ್ಡ ತೋಡಿದ ಕಂದಕಗಳಿವೆಯಲ್ಲ, ಅವುಗಳ ಬದುವನ್ನೇ ಜಿಗಿಯುವ ದಿಣ್ಣೆ ಮಾಡಿಕೊಂಡಿದ್ದಾರೆ. ಬದು ಒಡೆದಿದೆ. ಚಕ್ರದ ಜಾಡು ಮೇಲಿಂದ ಕೆಳಗೆ ನೆಟ್ಟಗೆ, ಗೇಣುದ್ದ ಆಳ. ಕೆಲವು ಕಡೆ ಕಪ್ಪು ಬಂಡೆಯೇ ಕಾಣುತ್ತಿದೆ. ಜೂನ್ ಮಳೆಗೆ ನೀರು ಅದೇ ಜಾಡು ಹಿಡಿಯುತ್ತದೆ, ಮುರುಮೆಲ್ಲ (ಜಲ್ಲಿಮಣ್ಣು) ನಮ್ಮ ಹಿಂದಿನ ಗೇಟಿಗೆ.

ಎ-701:
ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿದೆ. ನಾಲ್ಕು, ಬರೀ ಜಲ್ಲಿಕಲ್ಲಿನ ನಡುವೆ. ಗೂಡು ಅಂತ ಏನೂ ಇಲ್ಲ, ಬಣ್ಣವೂ ಕಲ್ಲಿನದೇ. ನಡೆಯುವವರಿಗೇ ಕಾಣುವುದಿಲ್ಲ, ಬೈಕಿನವನಿಗೆ ಎಲ್ಲಿ ಕಾಣಬೇಕು? ಟಯರ್ ಗುರುತು ಒಂದು ಮಾರು ದೂರದಲ್ಲಿದೆ.

ಸಿ-202:
ಸುಮ್ನೆ ಒಂದು ತಂತಿ ಕಟ್ಟಿಬಿಡೋಣ. ಒಂದೇ ದಿನಕ್ಕೆ ಬುದ್ಧಿ ಬರುತ್ತೆ.

ಎ-503:
ದಯವಿಟ್ಟು ಅಂಥ ಮಾತು ತಮಾಷೆಗೂ ಬೇಡ. ತಂತಿ ಕುತ್ತಿಗೆಗೆ ಬಿದ್ದರೆ ಜೀವ ಹೋಗುತ್ತದೆ, ಜೈಲಿಗೆ ಹೋಗುವವರು ನಾವು. ಮೊಳೆ, ಗಾಜೂ ಬೇಡ.

ಮೊದಲು ಜಾಗ ಯಾರದ್ದು ಅಂತ ಗೊತ್ತಾಗಬೇಕು. ಪುಣೆಯ ಗುಡ್ಡಗಳಲ್ಲಿ ಒಂದಷ್ಟು ಅರಣ್ಯ ಭೂಮಿ, ಒಂದಷ್ಟು ಬಿಡಿಪಿ, ಅಂದರೆ ಜೀವವೈವಿಧ್ಯ ಉದ್ಯಾನಕ್ಕೆ ಮೀಸಲು. ಬಿಡಿಪಿಯಲ್ಲಿ ಖಾಸಗಿ ಜಮೀನೂ ಇದೆ. ಸರ್ವೆ ನಂಬರ್ ಹಿಡಿದು ಮಹಾಭೂಲೇಖ ವೆಬ್‌ಸೈಟಿನಲ್ಲಿ ಸಾತ್‌ಬಾರಾ ಉತಾರ (ನಮ್ಮ ಪಹಣಿ ಥರದ್ದು) ತೆಗೆಯೋಣ. ಅದಿಲ್ಲದೆ ಅರ್ಜಿ ಕೊಟ್ಟರೆ ಮೇಜಿಂದ ಮೇಜಿಗೆ ಅಲೆಯುತ್ತದೆ.

ಮೀಸಲು ಅರಣ್ಯ ಅಂತಾದರೆ ಅತಿಕ್ರಮ ಪ್ರವೇಶಕ್ಕೆ 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಕಲಂ ಇದೆ. ಅಲ್ಲದಿದ್ದರೂ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಸಾರ್ವಜನಿಕ ಸ್ಥಳ' ಅಂದರೆ ಡಾಂಬರು ರಸ್ತೆ ಮಾತ್ರ ಅಲ್ಲ, ಜನರಿಗೆ ಹೋಗುವ ಹಕ್ಕಿರುವ ಯಾವ ಜಾಗವೂ ಆಗುತ್ತದೆ. ಅಲ್ಲಿ ನೋಂದಣಿ ಇಲ್ಲದ ಬೈಕ್ ಓಡಿಸುವ ಹಾಗಿಲ್ಲ. ಹದಿನೆಂಟು ತುಂಬದ ಹುಡುಗರಾದರೆ ಅಪ್ಪ-ಅಮ್ಮನಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. 2019ರ ತಿದ್ದುಪಡಿಯಿಂದ ಬಂದದ್ದು. ಇದನ್ನು ಗೇಟಿನ ಹತ್ತಿರ ಮರಾಠಿಯಲ್ಲಿ ದೊಡ್ಡದಾಗಿ ಬರೆದರೆ ಅರ್ಧ ಕೆಲಸ ಮುಗಿಯಿತು ಅಂತ ನನ್ನ ಲೆಕ್ಕ.

ಡಿ-110:
ನನ್ನದೂ ಫೋರ್ ಬೈ ಫೋರ್ ಜೀಪ್ ಇದೆ, ಆದರೆ ಟೇಕಡಿಗೆ ಹತ್ತಿಸಿಲ್ಲ. ಒಂದು ಮಾತು ಹೇಳಲಾ? ಬರೀ 'ಬೇಡ' ಅಂದರೆ ಇವರು ಪಕ್ಕದ ಗುಡ್ಡಕ್ಕೆ ಹೋಗುತ್ತಾರೆ. ಅಮೆರಿಕದಲ್ಲಿ 1972ರಲ್ಲೇ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿ, ಸರ್ಕಾರಿ ಭೂಮಿಯಲ್ಲಿ ಇಂಥ ಗಾಡಿ ಎಲ್ಲಿ ಓಡಬಹುದು, ಎಲ್ಲಿ ಕೂಡದು ಅಂತ ಗುರುತಿಸಲು ಹೇಳಿದರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇನ್ನೂ ಬಿಗಿ ಮಾಡಿದರು: ಮಣ್ಣಿಗೆ, ಪ್ರಾಣಿಗಳಿಗೆ ಜಾಸ್ತಿ ಹಾನಿ ಆಗುತ್ತಿದ್ದರೆ ತಕ್ಷಣ ಮುಚ್ಚಿ ಅಂತ. 2005ರ ನಿಯಮದ ಪ್ರಕಾರ ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ನಕ್ಷೆಯಲ್ಲಿ ಗುರುತಿಸಿದ ದಾರಿಯಲ್ಲೇ ಓಡಿಸಬೇಕು. ನಾವೂ ಅರ್ಜಿಯಲ್ಲಿ ಬೇರೆ ಜಾಗ ಕೊಡಿ ಅಂತ ಒಂದು ಸಾಲು ಸೇರಿಸೋಣ.

ಬಿ-304:
ಅಲ್ಲಿ ಲಕ್ಷಾಂತರ ಎಕರೆ ಇದೆ ಸ್ವಾಮಿ, ನಮಗೆ ಇರುವುದು ಇಷ್ಟು ಗುಡ್ಡ. ಜಾಗ ಹುಡುಕುವ ಕೆಲಸ ಅವರೇ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಟೇಕಡಿ ಮಾತ್ರ ಇರಲಿ.

ಡಿ-110:
ಸರಿ, ಒಪ್ಪಿದೆ. ಆದರೆ ದಾರಿ ಮುಚ್ಚುವಾಗ ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರನ್ನು ಮರೆಯಬೇಡಿ. ಎರಡು ಅಡ್ಡಕಂಬಿ ಎದುರುಬದುರು ಹಾಕಿದರೆ ಮನುಷ್ಯ ತಿರುಗಿಕೊಂಡು ದಾಟುತ್ತಾನೆ, ಬೈಕಿನ ಹ್ಯಾಂಡಲ್ ತಿರುಗುವುದಿಲ್ಲ. ಆದರೆ ನಾವೇ ಹೂಳುವ ಹಾಗಿಲ್ಲ, ಇಲಾಖೆಯನ್ನೇ ಕೇಳಬೇಕು.

ಎ-701:
ಮುಂದಿನ ಸಲ ಕಂಡರೆ ಜಗಳಕ್ಕೆ ಹೋಗಬೇಡಿ. ದೂರದಿಂದ ವಿಡಿಯೊ, ನಂಬರ್ ಪ್ಲೇಟ್, ಸಮಯ. ಅರಣ್ಯ ಸಹಾಯವಾಣಿ 1926, ಪೊಲೀಸ್ 112. ವಿಡಿಯೊ ಇಲ್ಲಿ ಹಾಕಿ, ಇನ್‌ಸ್ಟಾಗ್ರಾಮ್‌ಗೆ ಬೇಡ. ಅವರಿಗೆ ಬೇಕಾಗಿರುವುದೇ ಅದು ಅಲ್ವಾ.

ಎ-503:
ಉತಾರ ನಾನು ತೆಗೆಯುತ್ತೇನೆ. ಒಡೆದ ಬದುಗಳ ಫೋಟೊ ಬಿ-304 ಕಳಿಸಲಿ, ಲೊಕೇಶನ್ ಸಮೇತ. ಅರ್ಜಿ ಮರಾಠಿಯಲ್ಲೇ ಇರಬೇಕು, ಕರಡನ್ನು ಇವತ್ತು ರಾತ್ರಿ ಹಾಕುತ್ತೇನೆ. ಸಹಿಗೆ ಪಕ್ಕದ ಸೊಸೈಟಿಯವರನ್ನೂ ಕೇಳಿ, ಕನ್ನಡದವರು ಮಾತ್ರ ಸಾಲದು.

ಸಿ-202:
ತಂತಿ ಮಾತು ವಾಪಸ್. ಸಹಿ ಮಾಡಿಸಲು ನಾನು ಬಿ, ಡಿ ವಿಂಗ್ ನೋಡಿಕೊಳ್ಳುತ್ತೇನೆ.